ಬೋರಲು ಹಾಕದ ಹರವಿ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಹೋದರೆ ನಾಲಿಗೆ ಹೇಗೆ ಹೊರಳುತ್ತದೋ ನನಗೇ ಗೊತ್ತಿಲ್ಲ.

ಮುಹರ್ರಕ್ ದ್ವೀಪದ ನಮ್ಮ ಓಣಿಯಲ್ಲಿ ಹಾಡುಗಾರನೊಬ್ಬ ಸತ್ತರೆ ಅವನ ಹರವಿಯನ್ನು ಅದೇ ದಿನ ಸಮುದ್ರಕ್ಕೆ ಬೋರಲು ಹಾಕಬೇಕು. ಹರವಿ ಅಂದರೆ ನೀರು ತುಂಬಿಡುವ ಮಣ್ಣಿನ ದೊಡ್ಡ ಗಡಿಗೆಯೇ. ಮುತ್ತಿನ ಹಡಗುಗಳ ಕಾಲದಲ್ಲಿ ಕುಡಿಯುವ ನೀರು ಇರುತ್ತಿದ್ದುದು ಅದರಲ್ಲಿ, ಅದು ಖಾಲಿಯಾದ ಮೇಲೆ ಎರಡೂ ಕೈಯಿಂದ ಬಡಿದು ತಾಳ ಹಾಕುತ್ತಿದ್ದುದೂ ಅದರ ಮೇಲೆ. ಹಾಡುಗಾರನಿಗೆ ತಾಳ ಹಾಕಿದವನೇ ಅದನ್ನು ದಂಡೆಗೆ ಒಯ್ಯಬೇಕು. ಅದರ ಬಾಯಿಯ ಹತ್ತಿರ ಬಗ್ಗಿ ಸತ್ತವನ ಹೆಸರನ್ನು ಮೂರು ಸಲ ಕರೆಯಬೇಕು. ಯಾರೂ ಓಗೊಡಬಾರದು. ಮೂರನೆಯ ಸಲವೂ ಉತ್ತರ ಬರದಿದ್ದರೆ "ಹಾಡು ಮುಗಿಯಿತು" ಎಂದು ಹೇಳಿ, ಇಳಿತದ ನೀರಿಗೆ ಅದನ್ನು ಮಗುಚಿ, ಹಿಂದಿರುಗಿ ನೋಡದೆ ಬರಬೇಕು.

ಸರ್ಹಾನ ಸತ್ತಾಗ ನಾನು ಇದನ್ನು ಮಾಡಲಿಲ್ಲ. ಮಾಡಿಬಂದೆ ಎಂದು ಸುಳ್ಳು ಹೇಳಿದೆ. ಹರವಿಗೆ ಗೋಣಿ ಸುತ್ತಿ ನಮ್ಮ ದಾರ್‌ನ ಹಿಂದಿನ ಕೋಣೆಯಲ್ಲಿ, ಹರಿದ ಚಾಪೆಗಳ ಹಿಂದೆ ಇಟ್ಟೆ. ದಾರ್ ಅಂದರೆ ಗಂಡಸರು ಗುರುವಾರಗಳಂದು ಸೇರಿ ಹಡಗಿನ ಹಾಡು ಹಾಡುವ ಮನೆ. ಅದರ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಹರವಿಯ ಬಾಯಿ ಮೇಲಕ್ಕೇ ಇತ್ತು.

ಯಾಕೆ ಹಾಗೆ ಮಾಡಿದೆ ಅಂದರೆ ಹೇಳುತ್ತೇನೆ. ಒಂಬತ್ತು ವರ್ಷಕ್ಕೆ ನನ್ನನ್ನು ಮುತ್ತಿನ ಹಡಗಿಗೆ ಹತ್ತಿಸಿದರು. ಮೊದಲ ವಾರ ಪೂರ್ತಿ ಅಮ್ಮ ಬೇಕೆಂದು ಅತ್ತೆ. ಮುಳುಗುಗಾರರು ಗದರಿದರು, ಒಬ್ಬ ಕಪಾಳಕ್ಕೂ ಕೊಟ್ಟ. ಹಡಗಿನ ಹಾಡುಗಾರನಾಗಿದ್ದ ಸರ್ಹಾನ ಮಾತ್ರ ಗದರಲಿಲ್ಲ. ಹಾಯಿ ಎಳೆಯುವ ಹಳೆಯ ಹಾಡಿನ ನಡುವೆ, ಅದರಲ್ಲಿ ಇಲ್ಲದ ಸಾಲೊಂದನ್ನು ನನ್ನ ಹೆಸರು ಹಾಕಿ ಆಗಲೇ ಕಟ್ಟಿ ಸೇರಿಸಿದ:

ಜುಮಾನನ ಅಮ್ಮ ದಡದಲ್ಲಿ ರೊಟ್ಟಿ ತಟ್ಟುತ್ತಾಳೆ,
ಜುಮಾನನ ಕಣ್ಣೀರು ನಮ್ಮ ಸಾರಿಗೆ ಉಪ್ಪಾಯಿತು.

ಹಡಗೆಲ್ಲ ನಕ್ಕಿತು. ನಾನೂ ಮೂಗು ಒರೆಸಿಕೊಂಡು ನಕ್ಕೆ. ಹಳೆಯ ಹಾಡಿಗೆ ಹೊಸ ಮಾತು ಬೆರೆಸಿದ್ದಕ್ಕೆ ಹಿರಿಯರು ಅವನಿಗೆ ಸರಿಯಾಗಿ ಬೈದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಂದ ನಲವತ್ತಮೂರು ವರ್ಷ ನಾನು ಅವನಿಗೆ ತಾಳ ಹಾಕಿದೆ. ಹಡಗುಗಳು ನಿಂತುಹೋದವು, ಎಣ್ಣೆ ಕಂಪನಿ ಬಂತು, ನಾನು ತಂತಿ ಬಗ್ಗಿಸಿ ಮೀನಿನ ಬುಟ್ಟಿ ಮಾಡುವವನಾದೆ, ಅವನು ಸಾಯುವ ಆರು ತಿಂಗಳು ಮೊದಲು ಕೆಮ್ಮು ಹತ್ತಿಸಿಕೊಂಡ. ಅಂಥವನ ಹೆಸರು ಕರೆದು ಮುಗಿಯಿತು ಅನ್ನಲು ನನಗೆ ಬಾಯಿ ಬರಲಿಲ್ಲ.

ಅವನ ಮಗಳು ಹಸ್ಸಾ ವಿಧವೆ. ಅವಳ ಒಬ್ಬನೇ ಮಗ ಘಾನಿಂ. ಅಜ್ಜ ಸತ್ತು ಎರಡು ವರ್ಷಕ್ಕೆ, ಹದಿನೇಳು ತುಂಬಿದಾಗ, ದಾರ್‌ಗೆ ಬರತೊಡಗಿದ. ಉದ್ದನೆಯ ಕತ್ತು, ನಿಂತಲ್ಲಿ ನಿಲ್ಲದ ಕಾಲು, ದನಿಯೋ ತೆಳ್ಳಗೆ, ಮೇಲೆ ಹೋದರೆ ಒಡೆಯುತ್ತಿತ್ತು. ಮುದುಕರು ಅವನನ್ನು ಆಡಿನ ಮರಿ ಎಂದು ಕರೆಯುತ್ತಿದ್ದರು. ಅವನು ಹಾಡುತ್ತಿದ್ದುದು ತಾನೇ ಕಟ್ಟಿದ್ದನ್ನು. ಆ ವರ್ಷ ಲಾರಿಗಳು ಮರಳು ಸುರಿಸುರಿದು ಸಮುದ್ರವನ್ನು ಹಿಂದಕ್ಕೆ ನೂಕುತ್ತಿದ್ದವು. ದಾರ್‌ನ ಮೆಟ್ಟಿಲಿಗೆ ತಾಗುತ್ತಿದ್ದ ನೀರಿಗೆ ಇಪ್ಪತ್ತು ನಿಮಿಷ ನಡೆಯಬೇಕಾಗಿತ್ತು. ಅದರ ಮೇಲೆ ಅವನು ಕಟ್ಟಿದ್ದ:

ಸಮುದ್ರ ಎದ್ದು ಹೋಯಿತು, ಆ ಜಾಗಕ್ಕೆ ಬಸ್ಸು ಬಂತು,
ಬಸ್ಸಿನಲ್ಲಿ ಕೂತ ಅಜ್ಜನ ಕಾಲು ಇನ್ನೂ ಒದ್ದೆ.

ನನಗೆ ಇದು ಇಷ್ಟವಾಯಿತು. ಆದರೆ ಮುದುಕರ ನಡುವೆ ಹಾಗೆಂದು ಬಾಯಿ ಬಿಡಲಿಲ್ಲ. ದಾರ್‌ನ ಯಜಮಾನ ಬೂ ಖಮೀಸ್ ಅವನ ದೊಡ್ಡಪ್ಪ, ತಂದೆಯ ಅಣ್ಣ. ಅಲ್ಯುಮಿನಿಯಂ ಕಾರ್ಖಾನೆಯ ಅರ್ಜಿ ಹುಡುಗನ ಹೆಸರಿನಲ್ಲಿ ತುಂಬಿಸಿ ಜೇಬಿನಲ್ಲೇ ಇಟ್ಟುಕೊಂಡಿದ್ದ. ಹುಡುಗ ತನಗೆ ಹಾಡೇ ಬೇಕು ಎಂದಾಗ, ಈ ಬೇಸಿಗೆ ಮುಗಿಯುವುದರೊಳಗೆ ಅಜ್ಜನ ಹಾಗೆ ಹಾಡಿ ತೋರಿಸಿದರೆ ಅರ್ಜಿ ಹರಿದು ಹಾಕುತ್ತೇನೆ, ದಾರ್‌ನ ಹಾಡುಗಾರನ ಚಾಪೆಯ ಮೇಲೆ ಕೂರಿಸುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಕುಲುಮೆಗೆ ನಡೆ ಎಂದ. ಅಜ್ಜನ ಹಾಗೆ ಯಾಕೆ ಹಾಡಬೇಕು ಎಂದು ಹುಡುಗ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವತ್ತು ಮುಖ ಸಣ್ಣಗೆ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿದ್ದವನ ಹೆಗಲ ಮೇಲೆ ಕೈ ಹಾಕಿ, ದೊಡ್ಡ ಬುದ್ಧಿವಂತನ ಹಾಗೆ ಹೇಳಿದೆ.

"ಮೊದ್ಲು ನಿಮ್ಮಜ್ಜನ ಹಾಗೆ ಹಾಡೋದು ಕಲಿ ಮಗಾ. ಆಮೇಲೆ ನಿನ್ನ ಹಾಗೆ ಹಾಡುವೆಯಂತೆ. ಯಾರು ಬೇಡ ಅಂತಾರೆ?"

ಮಕ್ಕಳಿಗೆ ನಾವು ಹೇಳುವ ಸುಳ್ಳುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇಲ್ಲ ಎಂದು ಈಗ ನನಗೆ ಅನ್ನಿಸುತ್ತದೆ.

ನಮ್ಮ ಹಾಡು ಮನುಷ್ಯರದಲ್ಲ ಎನ್ನುವುದು ಓಣಿಯ ಮಕ್ಕಳಿಗೂ ಗೊತ್ತು. ಮೂವರು ಗೆಳೆಯರು ಊರಾಚೆಯ ಮಸೀದಿಯೊಂದರಲ್ಲಿ ದನಿ ಕೇಳಿ ಒಳಗೆ ಹೋದರಂತೆ. ಹಾಡುತ್ತಿದ್ದವರು ಸೊಂಟದ ಮೇಲೆ ಮನುಷ್ಯರು, ಕೆಳಗೆ ಕತ್ತೆಗಳು. ಅವರು ಹಾಡು ಕಲಿಸಿ, ಎಲ್ಲಿ ಕಲಿತಿರಿ ಎಂದು ಬಾಯಿ ಬಿಟ್ಟರೆ ಸಾಯುತ್ತೀರಿ ಎಂದರು. ಇಬ್ಬರು ಬಾಯಿ ಬಿಡದೆ ಸತ್ತರು. ಮೂರನೆಯವನು, ಹೇಗೂ ಸಾಯುತ್ತಿದ್ದೇನಲ್ಲ ಎಂದು, ಸಾಯುವ ಹಾಸಿಗೆಯಲ್ಲಿ ಎಲ್ಲವನ್ನೂ ಹೇಳಿಹೋದ. ಅದಕ್ಕೇ ನಮ್ಮಲ್ಲಿ ಹಾಡು ಶುರು ಮಾಡುವುದಕ್ಕೂ ಮುಗಿಸುವುದಕ್ಕೂ ಕಟ್ಟಳೆ ಜಾಸ್ತಿ. ಹೊಸಬನಿಗೆ ಗಂಟಲು ತೆರೆಯಲೆಂದು ಗುರುವಿನ ಹರವಿಯಿಂದ ಮೂರು ಗುಟುಕು ನೀರು ಕುಡಿಸುತ್ತೇವೆ. ಗುರು ಬದುಕಿರಬೇಕು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಯಾಕೆಂದರೆ ಸತ್ತವನ ಹರವಿ ಎಲ್ಲಿಯೂ ಇರುವುದಿಲ್ಲವಲ್ಲ.

ಆದರೆ ನನ್ನ ಬಳಿ ಇತ್ತು.

ಆಗಸ್ಟ್ ತಿಂಗಳ ಒಂದು ನಡುಮಧ್ಯಾಹ್ನ ಹುಡುಗನನ್ನು ದಾರ್‌ಗೆ ಕರೆದುಕೊಂಡು ಹೋದೆ. ಓಣಿಯಲ್ಲಿ ಬೆಕ್ಕು ಕೂಡ ಇರಲಿಲ್ಲ. ಹಿಂದಿನ ಕೋಣೆಯ ಚಾಪೆಗಳನ್ನು ಸರಿಸಿ, ಗೋಣಿ ಬಿಚ್ಚಿ, ಹರವಿಯ ಕತ್ತು ಹಿಡಿದು ಎತ್ತಿದಾಗ ಭಾರವಾಗಿತ್ತು. ಒಳಗೆ ನೀರು ಇತ್ತು. ಎರಡು ವರ್ಷದಿಂದ ಆ ಕೋಣೆಗೆ ಯಾರೂ ಕಾಲಿಟ್ಟಿರಲಿಲ್ಲ. ನಾನು ತುಂಬಿಸಿರಲಿಲ್ಲ. ಸೂರು ಸೋರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವರ್ಷ ನಮ್ಮಲ್ಲಿ ಮಳೆಯಾಗಿದ್ದು ಎರಡೋ ಮೂರೋ ಸಲ.

ಹುಡುಗ ಮಂಡಿಯೂರಿ ಕೂತು ಒಂದು ಗುಟುಕು ಕುಡಿದ.

"ಉಪ್ಪಿದೆ ಮಾಮ."

"ಗಂಟಲಿಗೆ ಒಳ್ಳೇದು, ಕುಡಿ," ಎಂದೆ. ಅವನು ಕಣ್ಣು ಮುಚ್ಚಿಕೊಂಡು ಉಳಿದೆರಡು ಗುಟುಕು ಕುಡಿದ.

ಆ ಗುರುವಾರ ಸಂಜೆ ಅವನು ದಾರ್‌ನಲ್ಲಿ ಬಾಯಿ ತೆರೆದಾಗ ಹೊರಗೆ ಬಂದದ್ದು ಸರ್ಹಾನನ ದನಿ. ಅದರಂಥ ದನಿ ಅಲ್ಲ, ಅದೇ. ಮೇಲಿನ ಸ್ವರಕ್ಕೆ ಹೋಗುವ ಮೊದಲು ಮೂಗಿನಲ್ಲಿ ಸಣ್ಣಗೆ ಎಳೆಯುವ ಉಸಿರು ಕೂಡ ಅದೇ. ಹಾಡುಗಾರನ ಹಿಂದೆ ಕೆಳದನಿಯಲ್ಲಿ ಮೊರೆತ ಹಾಕುತ್ತಿದ್ದ ಮುದುಕರು ಒಂದು ಗಳಿಗೆ ತಪ್ಪಿದರು. ನನ್ನ ಕೈ ತಪ್ಪಲಿಲ್ಲ. ನಲವತ್ತಮೂರು ವರ್ಷ ಆ ದನಿಯ ಹಿಂದೆ ಓಡಿದ ಕೈ ಅದು. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ತನ್ನ ಪಾಡಿಗೆ ಬಡಿಯುತ್ತಿತ್ತು. ಹಾಡು ಮುಗಿದ ಮೇಲೆ ಬೂ ಖಮೀಸ್ ಜೇಬಿನಿಂದ ಅರ್ಜಿ ತೆಗೆದು, ಹರಿಯದೆ, ಮಡಿಚಿ ಮತ್ತೆ ಒಳಗಿಟ್ಟ. ಬೇಸಿಗೆ ಮುಗಿಯಲಿ ಎಂದ.

ಸುದ್ದಿ ಹಬ್ಬಿತು. ಹತ್ತು ವರ್ಷದಿಂದ ದಾರ್‌ನತ್ತ ತಲೆ ಹಾಕದವರೂ ಕೋಲೂರಿಕೊಂಡು ಬಂದರು. ಒಣನಿಂಬೆಯ ಚಹಾಕ್ಕೆ ಲೋಟ ಸಾಲದಾಯಿತು. ನನ್ನ ಸಂತೋಷವನ್ನು ಹೇಳಿ ಮುಗಿಸಲಾರೆ. ಸತ್ತ ಗೆಳೆಯ ವಾರಕ್ಕೊಮ್ಮೆ ಮನೆಗೆ ಬಂದು ಹೋದರೆ ಯಾರಿಗೆ ಬೇಡ? ಒಂದು ದಿನ ಮುದುಕರು ಬರುವ ಮೊದಲು, ಹುಡುಗನೊಬ್ಬನೇ ಇದ್ದಾಗ, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಆ ರೊಟ್ಟಿಯ ಸಾಲು, ಜುಮಾನನ ಸಾಲು ಹಾಡು ಅಂದೆ. ಅದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಹುಡುಗ ಗೋಡೆ ನೋಡುತ್ತಲೇ ಹಾಡಿದ. ಸಾಲು ಮುಗಿದ ಮೇಲೆ ನಕ್ಕ. ಆ ನಗು ಸರ್ಹಾನನದಷ್ಟೇ ಅಲ್ಲ; ಅದರ ಹಿಂದೆ ಇಡೀ ಹಡಗು ನಗುತ್ತಿದ್ದುದು ಆ ಒಂದೇ ಬಾಯಿಂದ ಕೇಳಿಸಿತು.

ಹೆದರಬೇಕಾಗಿತ್ತು. ನಾನು ಇನ್ನೊಂದು ಸಲ ಹಾಡು ಎಂದೆ.

ಎರಡನೆಯ ಸಲ ಅದೇ ಸಾಲು, ಅದೇ ಜಾಗದಲ್ಲಿ ಅದೇ ನಗು. ಮೂರನೆಯ ಸಲವೂ ಹಾಗೆಯೇ. ಬದುಕಿದ್ದ ಸರ್ಹಾನ ಒಂದು ಸಾಲನ್ನು ಎರಡು ಸಲ ಒಂದೇ ಹಾಗೆ ಹಾಡಿದವನಲ್ಲ. ಇಲ್ಲಿ ದನಿ ಇತ್ತು, ಸರ್ಹಾನ ಇರಲಿಲ್ಲ. ನಾನು ಇದನ್ನು ಮನಸ್ಸಿನಲ್ಲೇ ಅದುಮಿಟ್ಟೆ.

ಕೆಲವು ದಿನಕ್ಕೆ ಹುಡುಗ ಕೆಮ್ಮತೊಡಗಿದ. ಮೊದಲು ಎರಡು ಸಣ್ಣ ಕೆಮ್ಮು, ತಡೆದು ಒಂದು ದೊಡ್ಡದು. ಆ ಕೆಮ್ಮಿನ ಎಣಿಕೆ ನನಗೆ ಗೊತ್ತಿತ್ತು.

ಇದಾದ ಮೇಲಿನ ಮಂಗಳವಾರ ಮಧ್ಯಾಹ್ನ ದಾರ್ ಗುಡಿಸಲು ಹೋದೆ. ಹಿಂದಿನ ಕೋಣೆಯಿಂದ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟು ಸಣ್ಣ ದನಿ ಬರುತ್ತಿತ್ತು. ಒಳಗೆ ಹೋಗಿ ನಿಂತೆ. ಹರವಿಯಿಂದ ಬರುತ್ತಿತ್ತು. ಬಗ್ಗಿ ಅದರ ಬಾಯಿಗೆ ಕಿವಿ ಇಟ್ಟೆ.

ತೆಳ್ಳಗಿನ, ಮೇಲೆ ಹೋದರೆ ಒಡೆಯುವ ದನಿ. ಘಾನಿಂನ ದನಿ. ಹುಡುಗ ಆ ಹೊತ್ತಿನಲ್ಲಿ ಮನೆಯಲ್ಲಿ ಮಲಗಿದ್ದ, ಅವನ ಮನೆ ದಾಟಿಕೊಂಡೇ ನಾನು ಬಂದಿದ್ದೆ. ಹರವಿಯ ತಳದಲ್ಲಿ ಆ ದನಿ ಹಾಡುತ್ತಿತ್ತು. ಬಸ್ಸಿನ ಹಾಡಲ್ಲ, ನಾನು ಕೇಳಿರದ ಹೊಸದು. ಮಣ್ಣಿನ ಗೋಡೆಯ ಒಳಗಡೆ ಕುಂಬಾರನ ಬೆರಳಿನ ಗುರುತು ಎಣಿಸುತ್ತಾ ಕೂತವನ ಹಾಡು ಅದು. ಮುಗಿಯುವವರೆಗೆ ನಾನು ಕಿವಿ ತೆಗೆಯಲಿಲ್ಲ.

ನಾನು ಏನು ಮಾಡಿಟ್ಟಿದ್ದೇನೆ ಎನ್ನುವುದು ಆ ಗಳಿಗೆಯಲ್ಲೇ ತಿಳಿಯಿತು. ಹರವಿಯಲ್ಲಿದ್ದುದು ಹುಡುಗನೊಳಗೆ ಹೋಗಿತ್ತು, ಹುಡುಗನಲ್ಲಿದ್ದುದು ಹರವಿಯೊಳಗೆ ಬಂದಿತ್ತು. ಏನು ಮಾಡಬೇಕೆಂಬುದೂ ತಿಳಿದಿತ್ತು. ಎರಡು ವರ್ಷದ ಹಿಂದೆ ಮಾಡಬೇಕಾಗಿದ್ದುದನ್ನೇ ಮಾಡಬೇಕಾಗಿತ್ತು.

ಮಾಡಲಿಲ್ಲ. ಬುಧವಾರ ಮಧ್ಯಾಹ್ನ ಮತ್ತೆ ಹೋಗಿ ಕಿವಿ ಇಟ್ಟೆ. ಇನ್ನೊಂದು ಹೊಸ ಹಾಡು. ಗುರುವಾರ ಮಧ್ಯಾಹ್ನ ಮೂರನೆಯದು. ಅದೇ ಗುರುವಾರ ಸಂಜೆ ಎಲ್ಲರ ಮುಂದೆ ಸರ್ಹಾನನ ದನಿಗೆ ತಾಳವನ್ನೂ ಹಾಕಿದೆ. ದಿನಕ್ಕೊಂದು ಹಾಡು ಆ ಹರವಿಯಲ್ಲಿ ಹುಟ್ಟುತ್ತಿತ್ತು, ಒಂದಕ್ಕಿಂತ ಒಂದು ಚೆಂದ. ಅಷ್ಟು ವರ್ಷ ತಾಳ ಹಾಕಿದವನು ನಾನು, ಅಂಥವನ್ನು ಕೇಳಿರಲಿಲ್ಲ. ಸಂಜೆಗೆ ಸತ್ತ ಗೆಳೆಯ, ಮಧ್ಯಾಹ್ನಕ್ಕೆ ಈ ಹಾಡು, ಎರಡೂ ನನ್ನವು. ಹುಡುಗನ ಕಣ್ಣ ಕೆಳಗೆ ಕಪ್ಪು ಕಟ್ಟುತ್ತಿತ್ತು, ನಾನು ನೋಡಿಯೂ ನೋಡದವನಂತೆ ಇದ್ದೆ. ಹೀಗೆ ಒಂಬತ್ತು ದಿನ ಕಳೆದೆ. ಒಂಬತ್ತನೆಯ ದಿನದ ಹಾಡು ಹೀಗಿತ್ತು:

ಬಾಗಿಲಲ್ಲಿ ಒಬ್ಬ ಕೂತಿದ್ದಾನೆ, ಕಿವಿ ಮಾತ್ರ ಒಳಗಿಟ್ಟವನು,
ನನ್ನ ಹಾಡಿಗೆ ತಲೆದೂಗುತ್ತಾನೆ, ಕೈ ಮಾತ್ರ ಎತ್ತುವುದಿಲ್ಲ.

ಕೋಣೆಯಿಂದ ಹೊರಗೆ ಓಡಿಬಂದೆ. ಮೆಟ್ಟಿಲ ಮೇಲೆ ಹಸ್ಸಾ ನಿಂತಿದ್ದಳು. ಹೆಂಗಸರು ದಾರ್‌ನ ಮೆಟ್ಟಿಲು ಹತ್ತುವುದಿಲ್ಲ, ಅವಳು ಹತ್ತಿದ್ದಳು. ಬುರ್ಖಾದ ಅಂಚನ್ನು ಕೈಯಲ್ಲಿ ತಿರುಚುತ್ತಾ, ಸಿಟ್ಟನ್ನು ನುಂಗಿ ನುಂಗಿ ಮಾತಾಡಿದಳು.

"ಬೆಳಿಗ್ಗೆ ತಿಂಡಿಗೆ ಕೂತವನು ನಮ್ಮಪ್ಪನ ದನೀಲಿ ಉಪ್ಪು ಕೇಳ್ದ, ಜುಮಾನಣ್ಣ. ಹುಡುಗೀ, ಉಪ್ಪು ಕೊಡು ಅಂದ. ಹುಡುಗೀ ಅಂತ ನನ್ನ ಕರೀತಿದ್ದೋರು ಅಪ್ಪ ಒಬ್ರೇ."

ನಾನು ತಲೆ ತಗ್ಗಿಸಿದೆ.

"ಅಪ್ಪನ ದನಿ ನಾನು ಹೊಟ್ಟೆ ತುಂಬ ಕೇಳಿದೀನಿ. ಅವರು ಹೋದಾಗ ಹೊಟ್ಟೆ ತುಂಬ ಅತ್ತೂ ಆಯ್ತು. ನಂಗೀಗ ನನ್ನ ಮಗನ ದನಿ ಬೇಕು. ಆಡಿನ ಮರಿ ಥರ ಇದ್ರೆ ಇರ್ಲಿ."

ಹರವಿಯ ವಿಷಯ ಅವಳಿಗೆ ಹೇಳಿದೆ. ಒಂಬತ್ತು ದಿನದ ವಿಷಯ ಹೇಳಲಿಲ್ಲ. ಅವಳು ಬಯ್ಯಲೂ ಇಲ್ಲ. ನಾಳೆ ಇಳಿತ ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದಳು.

ಮರುದಿನ ಗುರುವಾರ, ಬೇಸಿಗೆಯ ಕೊನೆಯ ಕೂಟ. ಸಂಜೆಗೆ ಬೂ ಖಮೀಸ್ ಎಲ್ಲರ ಮುಂದೆ ಅರ್ಜಿ ಹರಿಯುವವನಿದ್ದ. ನಾವು ಮೂವರು ಮಧ್ಯಾಹ್ನ ಎರಡು ಗಂಟೆಗೆ ಹೊರಟೆವು. ಹರವಿ ನನ್ನ ಹೆಗಲ ಮೇಲೆ, ಹುಡುಗನ ಕೈ ಅವನ ತಾಯಿಯ ಕೈಯಲ್ಲಿ. ಮೊದಲು ಸಮುದ್ರವಿದ್ದ ಜಾಗದಲ್ಲಿ ಸುರಿದ ಮರಳು ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಲಾರಿಗಳು ನಿಂತಿದ್ದವು, ಚಾಲಕರು ನೆರಳು ಹುಡುಕಿ ಹೋಗಿದ್ದರು. ಕಾಲ ಕೆಳಗೆ ಕಪ್ಪೆಚಿಪ್ಪು ಪುಡಿಯಾಗುತ್ತಿತ್ತು. ಅರ್ಧ ದಾರಿಯಲ್ಲಿ ಹರವಿ ಎರಡರಷ್ಟು ಭಾರವಾಯಿತು. ನಾನು ಎಡವಿದಾಗ ಹುಡುಗ ಸರ್ಹಾನನ ದನಿಯಲ್ಲಿ, ಸಹಜವಾಗಿ, "ನೋಡ್ಕೊಂಡು ನಡಿಯೋ ಜುಮಾನ" ಎಂದ. ಹಸ್ಸಾಳ ಹೆಜ್ಜೆ ಒಮ್ಮೆ ತಡೆಯಿತು, ಮತ್ತೆ ಮುಂದೆ ಹೋಯಿತು.

ನೀರಂಚಿನಲ್ಲಿ ಹರವಿ ಇಳಿಸಿ, ಮಂಡಿಯೂರಿ, ಅದರ ಬಾಯಿಗೆ ಬಗ್ಗಿದೆ.

"ಸರ್ಹಾನ," ಎಂದು ಕರೆದೆ.

"ಏನೋ," ಎಂದಿತು ಹಿಂದಿನಿಂದ, ಹುಡುಗನ ಬಾಯಿಂದ, ಆ ದನಿ.

ಓಗೊಟ್ಟರೆ ಎಣಿಕೆ ಮುರಿಯುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಒಂದು ಕರೆಗೆ ಉತ್ತರ ಬರಲಿಲ್ಲ. ಎರಡನೆಯ ಕರೆಗೆ ಬಂತು.

"ಇನ್ನೊಂದೇ ಒಂದು ಹಾಡು ಜುಮಾನ. ನೀನು ತಾಳ ಹಾಕು, ನಾನು ಹೋಗ್ತೀನಿ."

ದೇವರಾಣೆ, ನನ್ನ ಎರಡೂ ಕೈ ಹರವಿಯ ಮೇಲೆ ಹೋದವು. ಬೆರಳುಗಳು ಮೊದಲ ಪೆಟ್ಟಿಗೆ ಎದ್ದವು. ಇದು ಗೆಳೆಯನಲ್ಲ, ಅವನ ದನಿಯ ಸಿಪ್ಪೆ ಎಂದು ತಿಳಿದೂ ಎದ್ದವು. ಅಷ್ಟರಲ್ಲಿ ಹಸ್ಸಾ ಮಗನ ಹಿಂದೆ ಬಂದು, ಅವನ ತಲೆಯನ್ನು ತನ್ನ ಎದೆಗೆ ಒತ್ತಿ, ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಸ್ವಂತ ಅಪ್ಪನ ಬಾಯಿ ಮುಚ್ಚುವುದು ಸಣ್ಣ ಕೆಲಸವಲ್ಲ.

"ಕರೀರಿ," ಎಂದಳು ನನಗೆ.

ಸರ್ಹಾನ, ಎಂದೆ. ಹುಡುಗನ ಎದೆಯೊಳಗೆ ಹನ್ನೆರಡು ಗಂಡಸರ ಮೊರೆತ ಎದ್ದಿತು, ಮಾತು ಬರಲಿಲ್ಲ. ಸರ್ಹಾನ, ಎಂದೆ. ಮೊರೆತ ನೆಲಕ್ಕಿಳಿದು ನನ್ನ ಮಂಡಿಗೆ ತಾಗಿತು. ಸರ್ಹಾನ, ಎಂದೆ ಮೂರನೆಯ ಸಲ. ನೀರಂಚಿನಲ್ಲಿ ಕಾಯುತ್ತಿದ್ದ ಸಣ್ಣ ಅಲೆಯೊಂದು ಬಾರದೆ ನಿಂತಿತು. ಉತ್ತರವಿಲ್ಲ.

"ಹಾಡು ಮುಗಿಯಿತು," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಹುಡುಗ ಕುಸಿದ. ನಾನು ಹರವಿಯನ್ನು ವಾಲಿಸಿ ಅವನ ತುಟಿಗೆ ಹಿಡಿದು ಮೂರು ಗುಟುಕು ಕುಡಿಸಿದೆ, ಅವನದು ಅವನಿಗೆ ಮರಳಲಿ ಎಂದು. ಸರಿಯೋ ತಪ್ಪೋ, ಇದಕ್ಕೆ ಕಟ್ಟಳೆ ಯಾರೂ ಮಾಡಿಟ್ಟಿರಲಿಲ್ಲ. ಆಮೇಲೆ ಹರವಿಯನ್ನು ನೀರಿಗೆ ಬೋರಲು ಹಾಕಿದೆ. ಅದರಿಂದ ಬಹಳ ಹೊತ್ತು ನೀರು ಸುರಿಯಿತು. ಅಂಥ ನಾಲ್ಕು ಹರವಿಯಲ್ಲಿ ಹಿಡಿಸದಷ್ಟು ನೀರು ಅದು. ಹಸ್ಸಾಳ ಅಂಗೈಯಲ್ಲಿ ಬಾಯಿಯ ಆಕಾರದ ಉಪ್ಪಿನ ಬಿಳಿ ಕಲೆ ಉಳಿಯಿತು. ಎಷ್ಟು ತೊಳೆದರೂ ಚಳಿಗಾಲದವರೆಗೆ ಹೋಗಲಿಲ್ಲ.

ಸಂಜೆ ದಾರ್ ತುಂಬಿತ್ತು. ಗುರುವಾರಗಳಂದು ಬಡಿಯುತ್ತಿದ್ದ ದಾರ್‌ನ ಇನ್ನೊಂದು ಹರವಿಯನ್ನು ಮುಟ್ಟಲು ಮನಸ್ಸಾಗಲಿಲ್ಲ, ಅಡುಗೆಕೋಣೆಯಿಂದ ತುಪ್ಪದ ಖಾಲಿ ಡಬ್ಬ ತಂದಿಟ್ಟುಕೊಂಡಿದ್ದೆ. ಎಲ್ಲರೂ ವಿಚಿತ್ರವಾಗಿ ನೋಡಿದರು. ಘಾನಿಂ ನಿಂತು ಬಾಯಿ ತೆರೆದ. ತೆಳ್ಳಗಿನ ದನಿ, ಮೇಲೆ ಹೋಗಿ ಒಡೆಯಿತು. ಅವನು ಅದನ್ನು ಸರಿಮಾಡಲು ಹೋಗದೆ ಬಸ್ಸಿನ ಹಾಡು ಹಾಡಿದ. ಮೊದಲ ಸಾಲಿಗೆ ಒಬ್ಬ ಎದ್ದ, ಎರಡನೆಯ ಸಾಲಿಗೆ ಮೂವರು. ಕೋಲುಗಳ ಸದ್ದು ಬಾಗಿಲ ಕಡೆ ಹೋಯಿತು. ಬೂ ಖಮೀಸ್ ಅರ್ಜಿಯನ್ನು ಚಾಪೆಯ ಮೇಲಿಟ್ಟು, ಚಪ್ಪಲಿ ಹುಡುಕಿದ. ಕೊನೆಗೆ ಉಳಿದವರು ನಾನು, ಒಬ್ಬ ಕಿವುಡ ಮುದುಕ, ಮೆಟ್ಟಿಲ ಮೇಲೆ ಹಸ್ಸಾ. ಅವನು ಹಾಡು ನಿಲ್ಲಿಸಲಿಲ್ಲ, ನಾನು ಡಬ್ಬ ಬಡಿಯುವುದನ್ನು ನಿಲ್ಲಿಸಲಿಲ್ಲ.

ಹುಡುಗ ಎಂಟು ವರ್ಷ ಕಾರ್ಖಾನೆಯಲ್ಲಿ ದುಡಿದ. ಕುಲುಮೆಯ ಮೇಲೆ, ಪಾಳಿಯ ಮೇಲೆ, ಬೆವರಿನ ಮೇಲೆ ಹಾಡು ಕಟ್ಟಿದ. ಮೊದಲು ಅವನ ಜೊತೆಯ ಕೆಲಸಗಾರರು ಹಾಡಿಕೊಂಡರು, ಆಮೇಲೆ ಮದುವೆಮನೆಗಳು ಕರೆದವು, ಆಮೇಲೆ ರೇಡಿಯೊ. ಈಗ ಅದೇ ದಾರ್‌ನಲ್ಲಿ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಹಾಡು ಕಟ್ಟಿಸುತ್ತಾನೆ. ಯಾರಾದರೂ ಅವನ ದನಿಯನ್ನು ಅನುಕರಿಸಿದರೆ, "ನನ್ನ ಹಾಗೆ ಯಾಕೋ ಹಾಡ್ತೀಯ, ನಾನಿನ್ನೂ ಸತ್ತಿಲ್ಲ" ಎಂದು ನಗಿಸುತ್ತಾನೆ. ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಆ ಒಂಬತ್ತು ಹಾಡುಗಳನ್ನು ಅವನು ಎಂದೂ ಹಾಡಲಿಲ್ಲ. ಆ ದಿನಗಳು ನೆನಪಿಲ್ಲ ಎಂದು ತಾಯಿಗೆ ಹೇಳಿದ್ದನಂತೆ. ಹಾಗಾದರೆ ಅವು ಲೋಕದಲ್ಲಿ ಉಳಿದಿದ್ದುದು ನನ್ನ ತಲೆಯೊಳಗೆ ಮಾತ್ರ. ಅವನಿಗೆ ಕೊಡಬೇಕಾದರೆ, ಎಲ್ಲಿ ಕೇಳಿದೆ ಎಂದು ಹೇಳಬೇಕು. ಇಪ್ಪತ್ತೈದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕಳ್ಳನ ಹಾಗೆ ಅವನ್ನು ಬಚ್ಚಿಟ್ಟುಕೊಂಡಿದ್ದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅವನು ನನ್ನ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನಾನು ಮೀನಿನ ಬುಟ್ಟಿಗೆ ತಂತಿ ಬಗ್ಗಿಸುತ್ತಿದ್ದೆ. ವಯಸ್ಸಾಯಿತು ನೋಡಿ, ಈಗ ನಾಲಿಗೆ ನನ್ನ ಹಿಡಿತದಲ್ಲಿಲ್ಲ. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿಂದ ಹೊರಬಿತ್ತು:

ಬಾಗಿಲಲ್ಲಿ ಒಬ್ಬ ಕೂತಿದ್ದಾನೆ, ಕಿವಿ ಮಾತ್ರ ಒಳಗಿಟ್ಟವನು...

ಘಾನಿಂ ಲೋಟ ಕೆಳಗಿಟ್ಟ.

"ಎಷ್ಟು ದಿನ ಕೇಳಿಸ್ಕೊಂಡ್ರಿ ಮಾಮ?"

"ಒಂಬತ್ತು ದಿನ," ಎಂದೆ. ಉಳಿದದ್ದನ್ನೂ ಹೇಳಿದೆ. ನಡುವೆ ಬಂದುಹೋದ ಗುರುವಾರವನ್ನೂ ಬಿಡಲಿಲ್ಲ. ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿ ಎಂದೂ ಅಂದುಕೊಂಡೆ.

"ಗೊತ್ತಿತ್ತು," ಎಂದ. "ನೀವು ಕಿವಿ ಇಟ್ಟಾಗೆಲ್ಲ ಒಳಗೆ ಕತ್ತಲಾಗ್ತಿತ್ತು."

ಅವನು ನನ್ನ ಕೈಯಲ್ಲಿದ್ದ ತಂತಿಯನ್ನು ತೆಗೆದು ಬದಿಗಿಟ್ಟ. ಗೋಡೆಯ ಪಕ್ಕದಲ್ಲಿದ್ದ ಆ ಹಳೆಯ ತುಪ್ಪದ ಡಬ್ಬವನ್ನು ತಂದು ನನ್ನ ಮಂಡಿಯ ಮುಂದೆ ಇಟ್ಟ. ಆಮೇಲೆ ಎದುರು ಕೂತು, ತನ್ನ ತೆಳ್ಳಗಿನ ದನಿಯಲ್ಲಿ, ನನ್ನ ಮುಖವನ್ನೇ ನೋಡುತ್ತಾ ಎರಡನೆಯ ಸಾಲು ಹಾಡಿದ. ನನ್ನ ಹಾಡಿಗೆ ತಲೆದೂಗುತ್ತಾನೆ, ಕೈ ಮಾತ್ರ ಎತ್ತುವುದಿಲ್ಲ. ಅಲ್ಲಿಗೆ ನಿಲ್ಲಿಸಿ ಕಾದ.

ನಾನು ಕೈ ಎತ್ತಿ ತಾಳ ಹಾಕಿದೆ.